ಮಣ್ಣಿನ ಮನೆಯೂ ಸಿಮೆಂಟಿನ ಮನೆಯೂ

(ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಒಂದು ಪಾಠ)

ಪೀಠಿಕೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದು ಅನುಭವದ ಮಾತು. ಈ ಎರಡು ಕಾರ್ಯಗಳಲ್ಲಿ ಮದುವೆಯ ವಿಷಯವಾಗಿ ಇಂಥ ಸಂಚಿಕೆಗಳಲ್ಲಿ ಅನೇಕರು ಬರೆದಿರುತ್ತಾರೆ. ಮನೆಯ ವಿಷಯವಾಗಿ ಬರೆದವರು ಕಡಿಮೆ. ಅದು ಗಂಡಸರ ಮತ್ತು ಗೌಂಡಿಗಳ ಕೆಲಸವೆಂದು ನಾವು ಸುಮ್ಮನಿದ್ದು ಬಿಡುತ್ತೇವೆ. ಆದರೆ ಮನೆಯೊಳಗೆ ಹಗಲಿರುಳು ಇರತಕ್ಕವರು ಯಾರು? ಅದರ ಸೆಕೆಯನ್ನು, ಸೋರುವ ನೀರನ್ನು, ಬಿರುಕಿನ ಭಯವನ್ನು ಮೊದಲು ಅರಿಯತಕ್ಕವರು ಯಾರು? ಹೆಣ್ಣುಮಕ್ಕಳೇ ಅಲ್ಲವೇ? ಆದುದರಿಂದ ಈ ಪಾಠವನ್ನು ಬಾಲಿಕೆಯರ ಶಾಲೆಯ ಸಂಚಿಕೆಯಲ್ಲಿ ಬರೆಯುವುದು ಅನುಚಿತವಾಗಲಾರದೆಂದು ನಂಬುತ್ತೇವೆ.

ಇದನ್ನು ಬರೆಯಲು ಕಾರಣವಾದದ್ದು ಒಂದು ಸಣ್ಣ ಪ್ರಶ್ನೆ. ಕಳೆದ ಸಾಲಿನಲ್ಲಿ ಒಂಬತ್ತನೆಯ ತರಗತಿಗೆ ಭೂಕಂಪದ ಪಾಠವನ್ನು ಹೇಳುತ್ತಿದ್ದೆವು. ಪಾಠ ಮುಗಿದ ಮೇಲೆ ಆಳಂದ ತಾಲೂಕಿನಿಂದ ಬಂದು ನಮ್ಮ ಬೋರ್ಡಿಂಗಿನಲ್ಲಿರುವ ಒಬ್ಬ ಬಾಲಿಕೆ ಎದ್ದು ನಿಂತು, “ಟೀಚರ್, ನಮ್ಮದು ಮಣ್ಣಿನ ಮಾಳಿಗಿ ಮನಿ. ಭೂಕಂಪ ಆದ್ರ ಬೀಳ್ತದೇನ್ರಿ?” ಎಂದು ಕೇಳಿದಳು. ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಅವರು ನಕ್ಕದ್ದು ಭೂಕಂಪಕ್ಕಲ್ಲ, ಮಣ್ಣಿನ ಮನೆಯೆಂಬ ಮಾತಿಗೆ. ಬಾಲಿಕೆಯು ತಲೆತಗ್ಗಿಸಿ ಕುಳಿತುಕೊಂಡಳು. ಏನೂ ಆಗುವುದಿಲ್ಲವೆಂದು ಹೇಳಿ ನಾವು ಮುಂದಿನ ಪಾಠಕ್ಕೆ ಹೋದೆವು. ಆ ಉತ್ತರವು ಸತ್ಯವಾದದ್ದಲ್ಲವೆಂದು ನಮ್ಮ ಮನಸ್ಸಿಗೆ ತಿಳಿದಿತ್ತು. ಅವಸರದಲ್ಲಿ ಕೊಟ್ಟ ಆ ಉತ್ತರವನ್ನು ತಿದ್ದುವುದಕ್ಕಾಗಿ ಈ ಲೇಖನ.

1. ನಮ್ಮ ಸೀಮೆಯ ಹಳೆಯ ಮನೆ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಹಳೆಯ ಮನೆಯ ಆಕಾರವನ್ನು ನಮ್ಮ ಓದುಗರೆಲ್ಲರೂ ಬಲ್ಲರು. ಒಂದೂವರೆ ಎರಡು ಅಡಿ ದಪ್ಪದ ಕಲ್ಲುಗೋಡೆ, ಕಲ್ಲುಗಳ ನಡುವೆ ಕೆಸರು, ಒಳಗೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ, ಎಲ್ಲಕ್ಕೂ ಮೇಲೆ ಮೇಲ್ಮುದ್ದೆಯ ಮಣ್ಣು. ನಡುವೆ ಒಂದು ಬೆಳಕಿಂಡಿ. ಶಹಾಬಾದ ಕಡೆಯ ಕಲ್ಲು ಸುಲಭವಾಗಿ ಸಿಕ್ಕುವ ಊರುಗಳಲ್ಲಿ ನೆಲಕ್ಕೂ ಕೆಲವೆಡೆ ಮಾಳಿಗೆಗೂ ಫರಸಿಯನ್ನು ಹಾಸಿರುತ್ತಾರೆ. ಈ ಕಲ್ಲು ಭೂಮಿಯಲ್ಲಿ ಪದರ ಪದರವಾಗಿಯೇ ಹುಟ್ಟಿದ ಸುಣ್ಣಗಲ್ಲು. ಅದನ್ನು ಸುಡಬೇಕಾಗಿಲ್ಲ, ಕರಗಿಸಬೇಕಾಗಿಲ್ಲ. ಪದರವನ್ನು ಎಬ್ಬಿಸಿ ಅಂಚು ಕತ್ತರಿಸಿದರೆ ಸಾಕು.

ಇಂಥ ಮನೆಯಲ್ಲಿ ಎರಡು ಗುಣಗಳಿದ್ದವು. ಮೊದಲನೆಯದು, ಅದಕ್ಕೆ ಬೇಕಾದ ಸಾಮಾನೆಲ್ಲ ಎತ್ತಿನ ಗಾಡಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದೊಳಗೆ ಸಿಕ್ಕುತ್ತಿತ್ತು. ಎರಡನೆಯದು, ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊರಗೆ ಉಷ್ಣತೆಯು 40 ಡಿಗ್ರಿಯನ್ನು ದಾಟಿದಾಗಲೂ ಒಳಗೆ ತಂಪಿರುತ್ತಿತ್ತು. ದಪ್ಪ ಮಣ್ಣಿನೊಳಗೆ ಬಿಸಿಲು ಬಹಳ ನಿಧಾನವಾಗಿ ಇಳಿಯುವದು. ಹಗಲಿನ ಕಾವು ಒಳಗೆ ಬಂದು ಮುಟ್ಟುವಷ್ಟರಲ್ಲಿ ರಾತ್ರಿಯಾಗಿ ಹೊರಗಿನ ಗಾಳಿ ತಣ್ಣಗಾಗಿರುತ್ತದೆ.

ಆದರೆ ಗುಣವನ್ನು ಮಾತ್ರ ಹೇಳಿ ದೋಷವನ್ನು ಮುಚ್ಚಿಡುವುದು ಉಪಾಧ್ಯಾಯಿನಿಗೆ ತಕ್ಕದ್ದಲ್ಲ.

2. ಕಿಲ್ಲಾರಿ ಕಲಿಸಿದ್ದು

ಆಳಂದದಿಂದ ಉತ್ತರಕ್ಕೆ ಉಮರ್ಗಾ ದಾಟಿ ಹೋದರೆ ಲಾತೂರು ಜಿಲ್ಲೆಯ ಕಿಲ್ಲಾರಿ ಸಿಕ್ಕುತ್ತದೆ. 1993ನೆಯ ಸೆಪ್ಟೆಂಬರ್ 30ರಂದು ಬೆಳಗಿನ ನಾಲ್ಕು ಗಂಟೆಗೆ ಸ್ವಲ್ಪ ಮೊದಲು ಅಲ್ಲಿ ಭೂಮಿ ನಡುಗಿತು. ಗಣಪತಿಯನ್ನು ಕಳುಹಿಸಿ ಬಂದು ಜನರು ಗಾಢನಿದ್ರೆಯಲ್ಲಿದ್ದ ಹೊತ್ತು. ಸುಮಾರು ಹತ್ತು ಸಾವಿರ ಜನರು ಮೃತಪಟ್ಟರು. ಭೂಕಂಪದ ಪ್ರಮಾಣ 6ಕ್ಕಿಂತ ತುಸು ಹೆಚ್ಚು. ಪ್ರಪಂಚದ ದೊಡ್ಡ ಭೂಕಂಪಗಳೊಂದಿಗೆ ಹೋಲಿಸಿದರೆ ಇದು ಮಧ್ಯಮವಾದದ್ದು. ಹಾಗಿದ್ದರೂ ಇಷ್ಟು ಜೀವಗಳು ಹೋದದ್ದೇಕೆ? ಜನರನ್ನು ಕೊಂದದ್ದು ಭೂಮಿಯಲ್ಲ, ಮೇಲಿನ ಮಾಳಿಗೆ ಮತ್ತು ಸುತ್ತಲಿನ ಗೋಡೆ. ಅಲ್ಲಿಯ ಮನೆಗಳೂ ನಮ್ಮ ಮನೆಗಳಂತೆಯೇ ಕಲ್ಲು ಕೆಸರಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳಾಗಿದ್ದವು.

ನಾವು ಆಗ ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿದ್ದ ಬಾಲಿಕೆ. ಆ ಬೆಳಗಿನ ಜಾವ ನಾಗಂದಿಗೆಯ ಮೇಲಿನ ಹಿತ್ತಾಳೆಯ ತಂಬಿಗೆಗಳು ತಾವಾಗಿ ಸಪ್ಪಳ ಮಾಡಿದ್ದೂ, ಅಜ್ಜಿ ನಮ್ಮನ್ನು ಕಂಕುಳಲ್ಲಿ ಅವುಚಿಕೊಂಡು ಅಂಗಳಕ್ಕೆ ಓಡಿದ್ದೂ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಮನೆ ಬೀಳಲಿಲ್ಲ. ಆದರೂ ದೀಪಾವಳಿಯವರೆಗೆ ಯಾರೂ ಒಳಗೆ ಮಲಗಲಿಲ್ಲ. ಕಣದಲ್ಲಿ ತಾಡಪತ್ರಿ ಕಟ್ಟಿಕೊಂಡು ಕಾಲ ಕಳೆದೆವು. ಮರುವರ್ಷ ತಂದೆಯವರು ಸಾಲ ತೆಗೆದು, ಹಳೆಯ ಮನೆಯನ್ನು ಕೆಡವಿಸಿ, ಸಿಮೆಂಟಿನ ಮಾಳಿಗೆಯ ಮನೆಯನ್ನು ಕಟ್ಟಿಸಿದರು. ಮೊದಲನೆಯ ಬೇಸಿಗೆಯಲ್ಲಿಯೇ ಅಜ್ಜಿ ತಮ್ಮ ಹಾಸಿಗೆಯನ್ನು ಬೇವಿನ ಗಿಡದ ಕೆಳಗೆ ಹಾಕಿಕೊಂಡು, “ಇದು ಮಾಳಿಗಿ ಅಲ್ಲವ್ವಾ, ರೊಟ್ಟಿ ಬೇಯಿಸೋ ಹಂಚು” ಎಂದರು. ಸಾಲ ತೀರಲು ಹನ್ನೊಂದು ವರ್ಷ ಹಿಡಿಯಿತು. ಭಯಕ್ಕಾಗಿ ಕಟ್ಟಿದ ಮನೆಯಲ್ಲಿ ಅಜ್ಜಿ ಸುಖವಾಗಿ ನಿದ್ರೆ ಮಾಡಿದ್ದನ್ನು ನಾವು ಕಾಣಲಿಲ್ಲ. ತಂದೆಯವರು ಮಾಡಿದ್ದು ತಪ್ಪೆಂದು ನಾವು ಹೇಳಲಾರೆವು. ಅವರ ಮುಂದೆ ಎರಡೇ ದಾರಿಗಳಿದ್ದವೆಂದು ಅವರು ತಿಳಿದಿದ್ದರು. ಮೂರನೆಯ ದಾರಿಯನ್ನು ತೋರಿಸುವವರು ಊರಿನಲ್ಲಿರಲಿಲ್ಲ.

ಈಗ ಲೆಕ್ಕ ಮಾಡಿ ನೋಡೋಣ. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಕೋಣೆಯ ಮೇಲೆ ಎರಡು ಅಡಿ ದಪ್ಪದ ಮಣ್ಣಿದ್ದರೆ ಅದರ ತೂಕ ಸುಮಾರು ಒಂಬತ್ತು ಟನ್ನು. ವರ್ಷ ವರ್ಷವೂ ಸೋರುವಿಕೆಯನ್ನು ನಿಲ್ಲಿಸಲು ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣನ್ನು ಹಾಕುತ್ತ ಹೋದದ್ದರಿಂದ ಈ ಭಾರವು ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತದೆ. ಭೂಮಿ ಅಲುಗಿದಾಗ ಕಟ್ಟಡದ ಮೇಲೆ ಬೀಳುವ ಬಲವು ಅದರ ತೂಕಕ್ಕೆ ಅನುಸಾರವಾಗಿರುತ್ತದೆ. ತಲೆಯ ಮೇಲೆ ದೊಡ್ಡ ಹೊರೆ ಹೊತ್ತವಳನ್ನು ತುಸು ನೂಕಿದರೂ ಆಕೆ ಬೀಳುವಳು. ಬರಿಗೈಯಲ್ಲಿರುವವಳು ತಡೆದುಕೊಂಡು ನಿಲ್ಲುವಳು.

ಗೋಡೆಯ ದೋಷವು ಬೇರೆ ಬಗೆಯದು. ದಪ್ಪ ಗೋಡೆ ಎಂದು ನಾವು ತಿಳಿದಿರುವುದು ನಿಜವಾಗಿ ಎರಡು ತೆಳುವಾದ ಗೋಡೆಗಳು. ಹೊರಗೆ ಒಂದು ಮುಖ, ಒಳಗೆ ಒಂದು ಮುಖ, ನಡುವೆ ಸಣ್ಣ ಕಲ್ಲು ಮತ್ತು ಕೆಸರು. ಇವೆರಡನ್ನು ಅಡ್ಡಲಾಗಿ ಹಿಡಿದುಕೊಳ್ಳುವ ಉದ್ದನೆಯ ಬಂಧಗಲ್ಲುಗಳು ಇಲ್ಲದಿದ್ದರೆ, ನಡುಕದಲ್ಲಿ ಒಂದು ಮುಖ ಒಳಗೂ ಒಂದು ಮುಖ ಹೊರಗೂ ಉಬ್ಬಿ ಸುರಿದು ಬೀಳುತ್ತವೆ.

ಈ ಎರಡು ದೋಷಗಳಿಗೂ ಪರಿಹಾರವುಂಟು. ಕಿಲ್ಲಾರಿಯ ಭೂಕಂಪವಾದ ಮೇಲೆ ತಜ್ಞರು ಅಲ್ಲಿಯ ಉಳಿದ ಮನೆಗಳಿಗಾಗಿ ಹೇಳಿಕೊಟ್ಟ ಉಪಾಯಗಳು ಇವು. ಮಾಳಿಗೆಯ ಮಣ್ಣನ್ನು ಒಂದು ಗೇಣಿನಷ್ಟಕ್ಕೆ ಇಳಿಸುವುದು. ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಮರದ ಅಥವಾ ಕಬ್ಬಿಣದ ಆಸರೆಯನ್ನು ಕೊಡುವುದು. ಗೋಡೆಯಲ್ಲಿ ಅಲ್ಲಲ್ಲಿ ರಂಧ್ರ ಮಾಡಿ ಎರಡೂ ಮುಖಗಳನ್ನು ಹಿಡಿಯುವಂತೆ ಬಂಧಗಲ್ಲನ್ನೋ ಕಬ್ಬಿಣದ ಸಳಿಯಿಟ್ಟ ಕಾಂಕ್ರೀಟನ್ನೋ ಸೇರಿಸುವುದು. ಹೊಸ ಕಲ್ಲುಗೋಡೆಯಾದರೆ ಎತ್ತರದಲ್ಲಿ ಎರಡು ಅಡಿಗೊಂದು, ಉದ್ದದಲ್ಲಿ ನಾಲ್ಕು ಅಡಿಗೊಂದು ಬಂಧಗಲ್ಲು ಇರತಕ್ಕದ್ದು. ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲಿ ಮನೆಯ ಸುತ್ತಲೂ ಎಲ್ಲಿಯೂ ತುಂಡಾಗದ ಒಂದು ಕಾಂಕ್ರೀಟಿನ ಪಟ್ಟಿ ಇರತಕ್ಕದ್ದು. ಸೀರೆಗೆ ಡಾಬು ಹೇಗೋ ಗೋಡೆಗೆ ಈ ಪಟ್ಟಿ ಹಾಗೆ. ಅದು ನಾಲ್ಕು ಗೋಡೆಗಳನ್ನು ಒಂದಾಗಿ ಹಿಡಿಯುತ್ತದೆ.

2021ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಸುತ್ತಮುತ್ತ ಮತ್ತೆ ಮತ್ತೆ ಭೂಮಿ ಕಂಪಿಸಿದಾಗ ಜನರು ಊರು ಬಿಟ್ಟು ಹೋದದ್ದನ್ನು ಓದುಗರು ಮರೆತಿರಲಾರರು. ಆದುದರಿಂದ ಇದು ಹಳೆಯ ಕಥೆಯಲ್ಲ.

3. ಸಿಮೆಂಟು ಹುಟ್ಟುವ ಬಗೆ

ಹಾಗಾದರೆ ಎಲ್ಲರೂ ಸಿಮೆಂಟಿನ ಮನೆಯನ್ನೇ ಕಟ್ಟಬಾರದೇಕೆ ಎಂದು ಕೇಳಬಹುದು. ಸಿಮೆಂಟಿನ ತೌರುಮನೆ ನಮ್ಮ ಜಿಲ್ಲೆಯೇ. ವಾಡಿ, ಮಳಖೇಡ, ಸೇಡಂಗಳ ದೊಡ್ಡ ಕಾರಖಾನೆಗಳ ಚಿಮಣಿಗಳನ್ನು ರೈಲಿನಲ್ಲಿ ಹೋಗುವಾಗ ನೀವೆಲ್ಲರೂ ನೋಡಿರುವಿರಿ. ಭೀಮಾ ಸೀಮೆಯ ಸುಣ್ಣಗಲ್ಲೇ ಅವುಗಳ ಆಹಾರ.

ಸುಣ್ಣಗಲ್ಲನ್ನು ಜೇಡಿಯೊಂದಿಗೆ ಪುಡಿಮಾಡಿ ಸುಮಾರು 1450 ಡಿಗ್ರಿಯವರೆಗೆ ಕಾಯಿಸಿದರೆ ಗಟ್ಟಿಯಾದ ಉಂಡೆಗಳಾಗುತ್ತವೆ. ಅವಕ್ಕೆ ಕ್ಲಿಂಕರ್ ಎಂದು ಹೆಸರು. ಅದನ್ನು ತುಸು ಜಿಪ್ಸಮ್ಮಿನೊಂದಿಗೆ ನುಣ್ಣಗೆ ಬೀಸಿದ್ದೇ ಸಿಮೆಂಟು. ಇಲ್ಲಿ ಇಂಗಾಲಾಮ್ಲ ವಾಯುವು ಎರಡು ದಾರಿಗಳಲ್ಲಿ ಹೊರಬೀಳುತ್ತದೆ. ಒಂದು, ಉರಿಸಿದ ಕಲ್ಲಿದ್ದಲಿನಿಂದ. ಇನ್ನೊಂದು, ಸುಣ್ಣಗಲ್ಲಿನ ಒಳಗಿನಿಂದಲೇ. ಶುದ್ಧವಾದ ಸುಣ್ಣಗಲ್ಲು 1000 ಕಿಲೋ ಇದ್ದರೆ ಸುಟ್ಟ ಮೇಲೆ ಉಳಿಯುವ ಸುಣ್ಣ 560 ಕಿಲೋ. ಉಳಿದ 440 ಕಿಲೋ ವಾಯುವಾಗಿ ಆಕಾಶಕ್ಕೆ ಹೋಗುತ್ತದೆ. ಕಲ್ಲಿದ್ದಲಿನ ಬದಲು ಬೇರೆ ಇಂಧನವನ್ನು ಉರಿಸಿದರೂ ಈ ಎರಡನೆಯ ಪಾಲು ನಿಲ್ಲುವುದಿಲ್ಲವೆಂಬುದನ್ನು ಗಮನಿಸಬೇಕು. ಬೂದಿ ಮೊದಲಾದ ಯಾವುದನ್ನೂ ಬೆರೆಸದ 50 ಕಿಲೋ ಸಿಮೆಂಟಿನ ಒಂದು ಚೀಲದ ಹಿಂದೆ ಸುಮಾರು 40 ಕಿಲೋ ಇಂಗಾಲಾಮ್ಲವು ಹೊರಬಿದ್ದಿರುತ್ತದೆ. ಮನುಷ್ಯರು ಪ್ರಪಂಚದಲ್ಲಿ ಹೊರಗೆಡಹುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ. ಈ ವಾಯುವು ಭೂಮಿಯ ಕಾವನ್ನು ಹೊರಕ್ಕೆ ಹೋಗಗೊಡದೆ ಹಿಡಿದಿಡುತ್ತದೆ. ಮಳೆ ಹೊತ್ತಿಗೆ ಬಾರದೆ ತೊಗರಿ ಒಣಗುವ, ಬಂದರೆ ಒಮ್ಮೆಲೆ ಬಂದು ಕೊಚ್ಚಿಹೋಗುವ ಸೀಮೆಯ ನಾವು ಇದನ್ನು ಪರರ ಚಿಂತೆಯೆಂದು ಬಿಡುವಂತಿಲ್ಲ.

ಆದರೂ ಸಿಮೆಂಟನ್ನು ನಾವು ದೂಷಿಸುವುದಿಲ್ಲ. ಮೇಲೆ ಹೇಳಿದ ಪಟ್ಟಿಗೆ ಸಿಮೆಂಟೇ ಬೇಕು. ಉಪ್ಪಿಗಿಂತ ರುಚಿಯಿಲ್ಲ ನಿಜ. ಆದರೆ ಉಪ್ಪೇ ಊಟವಾಗಲಾರದು. ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು ಎಂಬುದೇ ಈ ಪಾಠದ ಸಾರ.

4. ಸುಡದ ಇಟ್ಟಂಗಿ

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳತನದಲ್ಲಿ ‘ಅಸ್ತ್ರ’ ಎಂಬ ಒಂದು ಕೇಂದ್ರವು ಹುಟ್ಟಿತು. ವಿಜ್ಞಾನವನ್ನು ಹಳ್ಳಿಗಳ ಉಪಯೋಗಕ್ಕೆ ತರುವುದು ಅದರ ಉದ್ದೇಶ. ಅಲ್ಲಿಯ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಪ್ರೊಫೆಸರ್ ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಅನೇಕ ವರ್ಷ ದುಡಿದು ಮಣ್ಣಿನ ಒತ್ತಿಟ್ಟಂಗಿಯನ್ನು ಬಳಕೆಗೆ ತಂದರು.

ಇದರ ಕ್ರಮ ಹೀಗೆ. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಮಾತ್ರ ನೀರು ಚಿಮುಕಿಸಬೇಕು. ಕೆಸರಾಗಬಾರದು. ಆ ಮಣ್ಣನ್ನು ಕಬ್ಬಿಣದ ಅಚ್ಚಿನಲ್ಲಿ ತುಂಬಿ, ಉದ್ದನೆಯ ಸನ್ನೆಕೋಲಿನಿಂದ ಇಬ್ಬರು ಬಲವಾಗಿ ಒತ್ತಿದರೆ ಗಟ್ಟಿಯಾದ ಇಟ್ಟಂಗಿ ಹೊರಬರುತ್ತದೆ. ‘ಅಸ್ತ್ರ’ದವರು ರೂಪಿಸಿದ ಇಂಥ ಯಂತ್ರಕ್ಕೆ ‘ಮರ್ದಿನಿ’ ಎಂದು ಹೆಸರು. ವಿದ್ಯುತ್ತು ಬೇಡ, ಭಟ್ಟಿ ಬೇಡ, ಕಟ್ಟಿಗೆ ಬೇಡ. ಬಳಿಕ ನೆರಳಿನಲ್ಲಿ ಒಟ್ಟಿ, ಒದ್ದೆ ಗೋಣಿ ಹೊದಿಸಿ, ಮೂರು ವಾರ ದಿನಾಲು ನೀರುಣಿಸಬೇಕು. ಇಲ್ಲಿ ಅವಸರ ಮಾಡಿದವರ ಇಟ್ಟಂಗಿಯು ಮೊದಲ ಮಳೆಗೇ ಅಂಚು ಉದುರಿಸುತ್ತದೆ. ಸಿಮೆಂಟು ಬೆರೆಸಿದ ಮಣ್ಣನ್ನು ಗಂಟೆಗಟ್ಟಲೆ ಇಟ್ಟುಕೊಂಡಿರಲೂ ಬಾರದು. ಬೇಗನೆ ಒತ್ತಿ ಮುಗಿಸಬೇಕು.

ಈ ಪ್ರೊಫೆಸರರೇ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸುಟ್ಟ ಇಟ್ಟಂಗಿಯ ಒಂದು ಘನ ಮೀಟರು ಗೋಡೆಗೆ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಗೋಡೆಗೆ ಸಾಕು. ಭಟ್ಟಿಯ ಬೆಂಕಿಯು ಉಳಿದದ್ದೇ ಇದಕ್ಕೆ ಕಾರಣ. ಇಟ್ಟಂಗಿಗಳು ಸಮವಾಗಿ ನುಣುಪಾಗಿ ಬರುವುದರಿಂದ ಗಿಲಾವೂ ಅಗತ್ಯವಿಲ್ಲ.

ಇದಕ್ಕೂ ಹಸಿಮಣ್ಣಿನ ಗೋಡೆಗೂ ಇರುವ ಅಂತರವನ್ನು ಅಫಜಲಪುರ, ಜೇವರ್ಗಿಯವರಿಗೆ ನಾವು ವಿವರಿಸಬೇಕಾಗಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂದಾಗ ದಂಡೆಯ ಹಳ್ಳಿಗಳಲ್ಲಿ ನೀರು ಹೊಕ್ಕು ನಿಂತದ್ದನ್ನು ಅವರು ಕಂಡಿದ್ದಾರೆ. ಹಸಿಮಣ್ಣು ನೀರಿನಲ್ಲಿ ನಿಂತರೆ ತಿರುಗಿ ಕೆಸರೇ ಆಗುತ್ತದೆ. ತಕ್ಕಷ್ಟು ಸಿಮೆಂಟು ಬೆರೆಸಿ ಸರಿಯಾಗಿ ನೀರುಣಿಸಿದ ಇಟ್ಟಂಗಿಯು ಒದ್ದೆಯಾದಾಗ ಬಲ ಕುಂದಿದರೂ ಕರಗಿ ಹೋಗುವುದಿಲ್ಲ. ಆದರೆ ಪೂರದ ದಾರಿಯಲ್ಲಿಯೇ ಮನೆ ಕಟ್ಟುವುದಕ್ಕೆ ಯಾವ ಇಟ್ಟಂಗಿಯೂ ಉತ್ತರವಲ್ಲ. ಅಲ್ಲಿ ಎತ್ತರದ ಸ್ಥಳವನ್ನು ಹುಡುಕುವುದೇ ವಿವೇಕ. ಎಲ್ಲಿಯೇ ಆಗಲಿ ಕಟ್ಟೆಯನ್ನು ಕಲ್ಲಿನಿಂದ ಎತ್ತರವಾಗಿ ಕಟ್ಟುವುದು ಅವಶ್ಯ.

5. ನಮ್ಮ ಎರೆಯ ಮಣ್ಣಿನ ಸ್ವಭಾವ

ಜೋಳವನ್ನೂ ತೊಗರಿಯನ್ನೂ ಕೊಡುವ ನಮ್ಮ ಕರಿ ಎರೆಯು ಹೊಲಕ್ಕೆ ತಾಯಿ, ಮನೆಗೆ ಮಲತಾಯಿ. ಅದರ ಜೇಡಿಯು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನಿಂತ ಮನೆಯನ್ನು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ಸಿಮೆಂಟಿನ ಮನೆಯೆಂದು ಅದು ದಾಕ್ಷಿಣ್ಯ ತೋರಿಸುವುದಿಲ್ಲ. ನಮ್ಮ ಆವರಣದಲ್ಲಿಯೇ ಕೆಲವು ವರ್ಷಗಳ ಹಿಂದೆ ಕಟ್ಟಿದ ಒಂದು ಕೋಣೆಯ ಗೋಡೆಯು ಎರಡನೆಯ ಬೇಸಿಗೆಯಲ್ಲಿಯೇ ರೂಪಾಯಿ ನಾಣ್ಯ ತೂರುವಷ್ಟು ಸೀಳಿತು. ಕೆಲಸ ಹಿಡಿದಿದ್ದವರ ಹೆಸರು ಇಲ್ಲಿ ಬೇಡ. ಅವರು ಗಟ್ಟಿ ನೆಲ ಸಿಕ್ಕುವವರೆಗೆ ಅಗೆಸಿರಲಿಲ್ಲ, ಅಗೆದದ್ದನ್ನು ನಾವು ಇಳಿದು ನೋಡಿರಲಿಲ್ಲ. ತಪ್ಪಿನಲ್ಲಿ ಇಬ್ಬರದೂ ಪಾಲುಂಟು.

ಆದುದರಿಂದ ಬುನಾದಿಯು ಎರೆಯನ್ನು ದಾಟಿ ಮುರುಮು ಅಥವಾ ಕಲ್ಲಿನ ಮೇಲೆ ಕೂಡಬೇಕು. ಎರೆಯು ಬಹಳ ಆಳವಿದ್ದರೆ ಅಗಲವಾಗಿ ಅಗೆದು, ಮುರುಮು ಮರಳು ತುಂಬಿ ದಮ್ಮಸು ಮಾಡಿ, ಬಲ್ಲವರ ಸಲಹೆ ಪಡೆದು ಕಟ್ಟಬೇಕು. ಗೋಡೆಯ ಸುತ್ತಲೂ ನೀರು ನಿಲ್ಲದಂತೆ ಫರಸಿ ಹಾಸಿ ಇಳಿಜಾರು ಮಾಡಬೇಕು. ಬಚ್ಚಲ ನೀರನ್ನು ಗೋಡೆಯ ಬುಡಕ್ಕೆ ಬಿಡುವ ರೂಢಿಯನ್ನು ಹೆಣ್ಣುಮಕ್ಕಳು ಇಂದೇ ನಿಲ್ಲಿಸಬಹುದು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಒತ್ತಿಟ್ಟಂಗಿಗೂ ಬರಿಯ ಎರೆಯು ಬಾರದು. ಅದಕ್ಕೆ ಮರಳಿನಂಶ ಹೆಚ್ಚಾಗಿ, ಜೇಡಿಯು ನೂರಕ್ಕೆ ಹದಿನೈದರ ಒಳಗಿರುವ ಮಣ್ಣು ಉತ್ತಮ. ನಮ್ಮಲ್ಲಿ ಎರೆಯ ಕೆಳಗಿನ ಮುರುಮು, ಕಲ್ಲು ಒಡೆಯುವ ಯಂತ್ರಗಳ ಪುಡಿ ಇವುಗಳನ್ನು ಬೆರೆಸಿ ಹದಕ್ಕೆ ತರಬೇಕು. ಜೇಡಿ ಹೆಚ್ಚಿದ್ದಲ್ಲಿ ಸಿಮೆಂಟಿನೊಂದಿಗೆ ತುಸು ಸುಣ್ಣವನ್ನೂ ಸೇರಿಸುತ್ತಾರೆ. ಸುಣ್ಣವು ಜೇಡಿಯ ಉಬ್ಬುವ ಸ್ವಭಾವವನ್ನು ತಗ್ಗಿಸುತ್ತದೆ.

6. ಮಾಳಿಗೆಯ ವಿಚಾರ

ಗಟ್ಟಿ ಕಾಂಕ್ರೀಟಿನ ಮಾಳಿಗೆಯಲ್ಲಿ ಭಾರ ಬಿದ್ದಾಗ ಮೇಲಿನ ಅರ್ಧವು ಒತ್ತಲ್ಪಡುತ್ತದೆ, ಕೆಳಗಿನ ಅರ್ಧವು ಎಳೆಯಲ್ಪಡುತ್ತದೆ. ಒತ್ತುವಿಕೆಯನ್ನು ಕಾಂಕ್ರೀಟು ತಾಳುತ್ತದೆ. ಎಳೆತವನ್ನು ತಾಳುವುದು ಕಬ್ಬಿಣದ ಸಳಿ. ಕೆಳಗಿನ ಭಾಗದ ಕಾಂಕ್ರೀಟು ಸಳಿಯನ್ನು ಹಿಡಿದುಕೊಂಡಿರುವುದನ್ನು ಬಿಟ್ಟರೆ ಹೆಚ್ಚು ಕೆಲಸ ಮಾಡುವುದಿಲ್ಲ. ಹಾಗಿದ್ದ ಮೇಲೆ ಸಳಿಗಳ ನಡುವಿನ ಚೌಕಗಳಲ್ಲಿ ಕಾಂಕ್ರೀಟಿನ ಬದಲು ಹಂಚುಗಳನ್ನಿಟ್ಟರೆ ಹೇಗೆ? ಇದೇ ಹಂಚು ತುಂಬಿದ ಮಾಳಿಗೆ. ಇದರಿಂದ ಕಾಂಕ್ರೀಟು ನೂರಕ್ಕೆ ಇಪ್ಪತ್ತರಿಂದ ಮೂವತ್ತು ಪಾಲು ಉಳಿಯುತ್ತದೆ, ಭಾರವೂ ಇಳಿಯುತ್ತದೆ. ಜೋಡಿ ಹಂಚುಗಳ ನಡುವೆ ಗಾಳಿ ಉಳಿಯುವಂತೆ ಇಟ್ಟರೆ ಕಾವೂ ತುಸು ತಡೆಯಲ್ಪಡುತ್ತದೆ. ಸಳಿಯ ಲೆಕ್ಕವನ್ನು ಮಾತ್ರ ಎಂಜಿನಿಯರರೇ ಮಾಡತಕ್ಕದ್ದು.

ಈ ವಿಧಾನವನ್ನು ನಮ್ಮ ದೇಶದಲ್ಲಿ ಜನಪ್ರಿಯಗೊಳಿಸಿದವರು ಲಾರಿ ಬೇಕರ್ ಎಂಬವರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1917ರಲ್ಲಿ ಹುಟ್ಟಿದ ಇವರು, ಕುಷ್ಠರೋಗಿಗಳ ಸೇವೆ ಮಾಡುವ ಒಂದು ಮಿಷನ್ನಿನ ಕಟ್ಟಡಗಳ ಕೆಲಸಕ್ಕಾಗಿ 1945ರಲ್ಲಿ ಭಾರತಕ್ಕೆ ಬಂದು, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಳ್ಳುವವರೆಗೂ ಬಡವರಿಗಾಗಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದರು. ಮಾಳಿಗೆಯಲ್ಲಿಡುವ ಹಂಚಿನ ಹಿಂದೆಯೂ ಒಂದು ಮಿಷನ್ನಿನ ಕಥೆಯಿದೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರಖಾನೆಯನ್ನು ಆರಂಭಿಸಿದರು. ಅಲ್ಲಿಂದ ಮುಂದೆ ಮಂಗಳೂರು ಹಂಚು ದೇಶವಿದೇಶಗಳಿಗೆ ಹೋಯಿತು. ಇಂದು ಹಳೆಯ ಮನೆಗಳಿಂದ ತೆಗೆದು ಮೂಲೆಗೆ ಒಟ್ಟಿದ ಹಂಚುಗಳೇ ಈ ಕೆಲಸಕ್ಕೆ ಸಾಕು.

ಈಗಾಗಲೇ ಸಿಮೆಂಟಿನ ಮಾಳಿಗೆ ಇರುವವರು ಚಿಂತಿಸಬೇಕಾಗಿಲ್ಲ. ಬೇಸಿಗೆಗೆ ಮೊದಲು ಮಾಳಿಗೆಯ ಮೇಲೆ ಎರಡು ಮೂರು ಸಾರಿ ದಪ್ಪನಾಗಿ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗವು ತಿರುಗಿ ಆಕಾಶಕ್ಕೆ ಹೋಗುತ್ತದೆ. ನಮ್ಮ ಬೋರ್ಡಿಂಗಿನ ಒಂದು ಕೋಣೆಗೆ ಸುಣ್ಣ ಬಳಿಸಿ, ಪಕ್ಕದ ಕೋಣೆಯನ್ನು ಹಾಗೆಯೇ ಬಿಟ್ಟೆವು. ಎರಡು ಕೋಣೆಗಳ ಭೇದವನ್ನು ತಿಳಿಯಲು ಬಾಲಿಕೆಯರಿಗೆ ಉಷ್ಣಮಾಪಕವೇ ಬೇಕಾಗಲಿಲ್ಲ. ರಾತ್ರಿ ಮಲಗುವಾಗ ಎಲ್ಲರ ಚಾಪೆಗಳೂ ಒಂದೇ ಕೋಣೆಗೆ ಬಂದಿದ್ದವು.

7. ಬೂದಿಯ ಉಪಯೋಗ

ಕಲಬುರಗಿಯ ಕೋಟೆಯೊಳಗಿನ ಜಾಮಿ ಮಸೀದಿಯು 1367ರಲ್ಲಿ ಕಟ್ಟಿದ್ದು. ಅದರ ಗುಮ್ಮಟಗಳನ್ನು ಹಿಡಿದಿರುವುದು ಸಿಮೆಂಟಲ್ಲ, ಸುಣ್ಣದ ಗಾರೆ. ಸುಣ್ಣವೂ ಸುಟ್ಟೇ ಬರುವುದಾದರೂ ಅದಕ್ಕೆ ಸುಮಾರು 900 ಡಿಗ್ರಿಯ ಕಾವು ಸಾಕು. ಗಾರೆಯು ಗಟ್ಟಿಯಾಗುತ್ತ ತಾನು ಬಿಟ್ಟ ಇಂಗಾಲಾಮ್ಲದಲ್ಲಿ ಬಹಳಷ್ಟನ್ನು ಗಾಳಿಯಿಂದ ಮರಳಿ ಹೀರಿಕೊಳ್ಳುತ್ತದೆ. ಇಟ್ಟಂಗಿಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿ ಗಾಣದಲ್ಲಿ ಅರೆದರೆ ಗಾರೆ ಬಲವಾಗುತ್ತದೆಂಬುದನ್ನೂ ಹಿಂದಿನವರು ಬಲ್ಲರು.

ಅದೇ ತತ್ತ್ವವು ಇಂದು ಹೊಸ ರೂಪದಲ್ಲಿ ಬಂದಿದೆ. ರಾಯಚೂರಿನ ಶಕ್ತಿನಗರ, ಸೊಲ್ಲಾಪುರ ಮೊದಲಾದ ಕಡೆಗಳ ವಿದ್ಯುತ್ ಕೇಂದ್ರಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯನ್ನು ಸಿಮೆಂಟಿಗೆ ಬೆರೆಸಬಹುದು. ಅಂಗಡಿಯಲ್ಲಿ ಪಿ.ಪಿ.ಸಿ. ಎಂದು ಮಾರುವ ಸಿಮೆಂಟಿನಲ್ಲಿ ನೂರಕ್ಕೆ 15ರಿಂದ 35 ಪಾಲು ಇಂಥ ಬೂದಿಯಿರುತ್ತದೆ. ಬೂದಿಯೆಂದರೆ ಕಲಬೆರಕೆಯೆಂದು ಕೆಲವರು ಹೆದರುತ್ತಾರೆ. ಇದು ಕಲಬೆರಕೆಯಲ್ಲ. ಬಲವು ತುಸು ತಡವಾಗಿ ಬರುವುದರಿಂದ ನೀರುಣಿಸುವುದನ್ನು ಮಾತ್ರ ನಮ್ಮ ಬಿಸಿಲಿನಲ್ಲಿ ಹದಿನಾಲ್ಕು ದಿನವಾದರೂ ನಡೆಸಬೇಕು.

ಇದಕ್ಕಿಂತ ಹೊಸದು, ಸುಟ್ಟ ಜೇಡಿ ಮತ್ತು ಸುಣ್ಣಗಲ್ಲಿನ ಸಿಮೆಂಟು. ಸ್ವಿಟ್ಜರ್ಲೆಂಡು, ಕ್ಯೂಬಾ ಮತ್ತು ನಮ್ಮ ದೇಶದ ಐ.ಐ.ಟಿ.ಗಳ ವಿದ್ವಾಂಸರು ಕೂಡಿ ಇದನ್ನು ಬೆಳೆಸಿದರು. ಇದರಲ್ಲಿ ಕ್ಲಿಂಕರ್ ಅರ್ಧ ಮಾತ್ರ. ಉಳಿದದ್ದರಲ್ಲಿ 30 ಪಾಲು ಸುಟ್ಟ ಜೇಡಿ, 15 ಪಾಲು ಸುಡದ ಸುಣ್ಣಗಲ್ಲಿನ ಪುಡಿ, 5 ಪಾಲು ಜಿಪ್ಸಮ್. ಜೇಡಿಯನ್ನು ಸುಮಾರು 800 ಡಿಗ್ರಿಗೆ ಕಾಯಿಸಿದರೆ ಸಾಕು. ಇಂಗಾಲಾಮ್ಲವು ನೂರಕ್ಕೆ 30ರಿಂದ 40 ಪಾಲು ಕಡಿಮೆಯಾಗುತ್ತದೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಇದಕ್ಕೆ ಐ.ಎಸ್. 18189 ಎಂಬ ಮಾನಕವನ್ನು ಪ್ರಕಟಿಸಿತು. ಸುಣ್ಣಗಲ್ಲಿನ ನಮ್ಮ ಜಿಲ್ಲೆಯ ಬಾಲಿಕೆಯರು ಮುಂದೆ ರಸಾಯನಶಾಸ್ತ್ರವನ್ನು ಓದಿ ಇಂಥ ಕೆಲಸಕ್ಕೆ ಕೈಹಾಕಲೆಂದು ನಾವು ಹಾರೈಸುತ್ತೇವೆ.

8. ಬಾಲಿಕೆಯರು ಮಾಡಿದ ಪರೀಕ್ಷೆ

ದಸರಾ ರಜೆಗೆ ಹೋಗುವ ಬಾಲಿಕೆಯರಿಗೆ ತಮ್ಮ ತಮ್ಮ ಊರಿನ ಮಣ್ಣನ್ನು ಒಂದು ಬೊಗಸೆ ತರಬೇಕೆಂದು ಹೇಳಿ ಕಳುಹಿಸಿದೆವು. ಮೂರು ತಾಲೂಕುಗಳ ಮಣ್ಣೂ ಬಂತು. ಗಾಜಿನ ಶೀಶೆಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಟ್ಟೆವು. ಮರಳು ತಕ್ಷಣ ತಳಕ್ಕೆ ಇಳಿಯಿತು, ಅದರ ಮೇಲೆ ನುಣ್ಣನೆಯ ಧೂಳು, ಎಲ್ಲಕ್ಕೂ ಮೇಲೆ ಜೇಡಿ. ಅಳತೆಪಟ್ಟಿಯಿಂದ ಪದರಗಳನ್ನು ಅಳೆದು ಬಾಲಿಕೆಯರು ಪಾಲನ್ನು ಲೆಕ್ಕ ಮಾಡಿದರು. ಹೊಲದ ಎರೆಯ ಶೀಶೆಗಳಲ್ಲಿ ಮರಳು ಒಂದು ಗೆರೆಯಷ್ಟು ಮಾತ್ರ ಕಂಡಿತು. ಅತ್ಯುತ್ತಮವಾದ ಮಣ್ಣು ಸಿಕ್ಕಿದ್ದು, ಬಾವಿ ತೋಡಿದಾಗ ಮೇಲೆ ಹಾಕಿದ ಮುರುಮಿನಲ್ಲಿ. ಅದನ್ನು ತಂದವಳು, ಭೂಕಂಪದ ಪ್ರಶ್ನೆಯನ್ನು ಕೇಳಿದ ಅದೇ ಬಾಲಿಕೆ. ಅಂದು ಯಾರೂ ನಗಲಿಲ್ಲ.

ಬಾಡಿಗೆಗೆ ತಂದ ಒಂದು ಕೈಯಂತ್ರದಿಂದ ಆವರಣದ ನೀರಿನ ಕೋಣೆಗೆ ಬೇಕಾದ ಇಟ್ಟಂಗಿಗಳನ್ನು ಒತ್ತಿಸಿದೆವು. ನಮ್ಮ ಗೌಂಡಿಯವರು ಮೊದಲು ಒಪ್ಪಲಿಲ್ಲ. “ಮಣ್ಣಿನ ಕೆಲಸಕ್ಕ ನನ್ನ ಹೆಸರು ಕೆಡ್ತದ್ರಿ” ಎಂದರು. ಮೂರು ವಾರ ನೀರುಣಿಸಿದ ಒಂದು ಇಟ್ಟಂಗಿಯನ್ನು ಇಡೀ ರಾತ್ರಿ ಬಕೀಟಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಅವರ ಕೈಗೆ ಕೊಟ್ಟೆವು. ಅವರು ಅದನ್ನು ಉಗುರಿನಿಂದ ಕೆರೆದು ನೋಡಿ, ಏನೂ ಮಾತಾಡದೆ ಕರಣಿಯನ್ನು ತೆಗೆದುಕೊಂಡರು. ಆ ಕೋಣೆಯು ಒಂದು ಮಳೆಗಾಲವನ್ನು ಕಳೆದಿದೆ. ಒಂದು ಮಳೆಗಾಲವು ದೊಡ್ಡ ಸಾಕ್ಷಿಯಲ್ಲ. ಆದರೂ ಬೋರ್ಡಿಂಗಿನ ಹೊಸ ಊಟದ ಸಾಲೆಯನ್ನು ಇದೇ ವಿಧವಾಗಿ, ಸುತ್ತಲೂ ಕಾಂಕ್ರೀಟಿನ ಪಟ್ಟಿಯಿಟ್ಟು, ಹಂಚು ತುಂಬಿದ ಮಾಳಿಗೆ ಹಾಕಿ ಕಟ್ಟಲು ಆಡಳಿತ ಮಂಡಲಿಯವರು ಸಮ್ಮತಿಸಿರುತ್ತಾರೆ.

ಉಪಸಂಹಾರ

ಆ ಬಾಲಿಕೆಗೆ ಈಗ ಸರಿಯಾದ ಉತ್ತರವನ್ನು ಕೊಟ್ಟಿದ್ದೇವೆ. “ಮಣ್ಣಿನ ಮನೆ ಎಂಬ ಕಾರಣಕ್ಕೆ ಬೀಳುವುದಿಲ್ಲ ಮಗಳೇ, ಭಾರವು ಹೆಚ್ಚಾಗಿ ಬಂಧವು ಕಡಿಮೆಯಾದರೆ ಬೀಳುತ್ತದೆ. ಮಾಳಿಗೆಯ ಭಾರವನ್ನು ಇಳಿಸಬೇಕು, ಗೋಡೆಗೆ ಬಂಧವನ್ನು ಕೊಡಬೇಕು” ಎಂದೆವು. ಪೋಷಕರ ಸಭೆಗೆ ಬಂದ ಆಕೆಯ ತಂದೆಯವರು, ಬೇಸಿಗೆಯಲ್ಲಿ ಮಾಳಿಗೆಯ ಮಣ್ಣನ್ನು ಇಳಿಸಿದಾಗ ಹದಿನೇಳು ಗಾಡಿ ಹೊರಬಂತೆಂದೂ, ಅಷ್ಟು ಭಾರದ ಕೆಳಗೆ ಇಷ್ಟು ವರ್ಷ ಮಕ್ಕಳನ್ನು ಮಲಗಿಸಿದ್ದೆವಲ್ಲಾ ಎಂದೂ ಹೇಳಿ ಕಣ್ಣೊರೆಸಿಕೊಂಡರು. ಬಂಧಗಲ್ಲಿನ ಕೆಲಸ ಇನ್ನೂ ಉಳಿದಿದೆ. ತೊಗರಿಯ ಹಣ ಕೈಗೆ ಬಂದ ಮೇಲೆ ಮಾಡಿಸುವರಂತೆ.

ನಮ್ಮ ತಂದೆಯವರಿಗೆ ಸಿಕ್ಕದ ಮೂರನೆಯ ದಾರಿ ಇದೇ. ಹಳೆಯದನ್ನೆಲ್ಲ ಕೆಡವುವುದೂ ಅಲ್ಲ, ಹಳೆಯದೇ ಸರಿಯೆಂದು ಕುಳಿತುಕೊಳ್ಳುವುದೂ ಅಲ್ಲ. ಮನೆ ಕಟ್ಟಿಸುವ ಮುಂಚೆ, ಇಲ್ಲವೆ ಕೆಡವಿಸುವ ಮುಂಚೆ, ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ನೀವು ಮನೆಯ ಯಜಮಾನರೊಡನೆಯೂ ಗೌಂಡಿಯೊಡನೆಯೂ ಕುಳಿತು ಕೆಳಗಿನ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕೆಂದು ವಿಜ್ಞಾಪಿಸುತ್ತೇವೆ.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ನಮ್ಮ ಮಾಳಿಗೆಯ ಮೇಲಿನ ಮಣ್ಣು ಎಷ್ಟು ದಪ್ಪವಿದೆ? ಒಂದು ಗೇಣಿಗಿಂತ ಹೆಚ್ಚಿದ್ದರೆ ಯಾವಾಗ ಇಳಿಸುವುದು?
2. ಕಲ್ಲುಗೋಡೆಯಲ್ಲಿ ಬಂಧಗಲ್ಲುಗಳಿವೆಯೇ? ಗೋಡೆ ಎಲ್ಲಿಯಾದರೂ ಉಬ್ಬಿದೆಯೇ?
3. ಹೊಸ ಮನೆಯಾದರೆ ಬುನಾದಿಯು ಎರೆಯನ್ನು ದಾಟಿ ಗಟ್ಟಿ ನೆಲವನ್ನು ಮುಟ್ಟಿದೆಯೇ? ಮುಚ್ಚುವ ಮುಂಚೆ ನಾವು ಕಣ್ಣಾರೆ ನೋಡಿದೆವೇ?
4. ಬಾಗಿಲ ತಲೆಯ ಮಟ್ಟದ ಪಟ್ಟಿಯು ಸುತ್ತಲೂ ತುಂಡಾಗದೆ ಹೋಗಿದೆಯೇ?
5. ಈ ಕೆಲಸಕ್ಕೆ ಸಿಮೆಂಟೇ ಬೇಕೇ? ಕಲ್ಲು, ಸುಣ್ಣ, ಒತ್ತಿಟ್ಟಂಗಿ, ಹಳೆಯ ಹಂಚು ಇವುಗಳಲ್ಲಿ ಯಾವುದಾದರೂ ಸಾಕಾಗದೇ?
6. ದಿನಾಲು ನೀರುಣಿಸುವವರು ಯಾರು? ಎಷ್ಟು ದಿನ?